ಹಾಜರಿ ಯಂತ್ರ: ಬಂದದ್ದು ಗೊತ್ತು, ಹೋದದ್ದು ಗೊತ್ತು, ಉಂಡದ್ದು ಗೊತ್ತಿಲ್ಲ

ದಾವಣಗೆರೆಯ ಬಟ್ಟೆ ಅಂಗಡಿ, ಹೋಟೆಲು, ಅಕ್ಕಿ ಗಿರಣಿಗಳ ಬಾಗಿಲಲ್ಲಿ ಈಗ ಬೆರಳಿಡುವ ಇಲ್ಲವೇ ಮುಖ ತೋರಿಸುವ ಹಾಜರಿ ಯಂತ್ರ ಮಾಮೂಲಿಯಾಗಿದೆ. ಮಾರುವವರು ಬಹುಪಾಲು ಸಿ.ಸಿ. ಕ್ಯಾಮೆರಾ ಹಾಕುವವರೇ. ಗೋಡೆಗೆ ಮೊಳೆ ಹೊಡೆದು, ಅಡಾಪ್ಟರ್ ಚುಚ್ಚಿ, ಹುಡುಗರ ಮುಖ ಸೇರಿಸಿ, ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ ಹೋಗುತ್ತಾರೆ. ಕಂಪನಿ ಹೆಸರು ಬೇರೆಯಾದರೂ ಸಾಮಾನ್ಯ ಬೆಲೆಯ ಯಂತ್ರಗಳ ಒಳಗಿನ ಮೆನು ಹೆಚ್ಚುಕಡಿಮೆ ಒಂದೇ. ಹಾಗಾಗಿ ಈ ವಿಮರ್ಶೆ ಒಂದು ಬ್ರಾಂಡಿನದ್ದಲ್ಲ, ಆ ಇಡೀ ಜಾತಿಯದ್ದು. ಅಳತೆಗೋಲು ಒಂದೇ: ಕಾನೂನು ಹೇಳುವ ಬಿಡುವು, ಪಾಳಿ, ವಾರದ ರಜೆ, ಓಟಿ (ಹೆಚ್ಚುವರಿ ಹೊತ್ತಿನ ದುಡಿಮೆ) ಲೆಕ್ಕವನ್ನು ಇದು ಸರಿಯಾಗಿ ಹಿಡಿಯುತ್ತದೆಯೇ?

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಂತ್ರ ಒಳ್ಳೆಯದು, ಕೊಟ್ಟ ಕಾಸಿಗೆ ಮೋಸವಿಲ್ಲ. ಸಾಫ್ಟ್‌ವೇರ್ ಸಾಧಾರಣ. ಹಾಕಿಕೊಡುವವರು ಬಿಟ್ಟು ಹೋಗುವ ಸೆಟ್ಟಿಂಗ್ ಮಾತ್ರ ಕೆಟ್ಟದ್ದು. ಅದನ್ನು ತಿದ್ದದೆ ಸಂಬಳದ ಲೆಕ್ಕ ತೆಗೆದರೆ ಕೆಲಸಗಾರನಿಗೆ ನಷ್ಟ, ಮಾಲೀಕನಿಗೆ ಕಾರ್ಮಿಕ ನಿರೀಕ್ಷಕರ ಮುಂದೆ ತನ್ನದೇ ಯಂತ್ರ ಸಾಕ್ಷಿ ಹೇಳುವ ಫಜೀತಿ.

ಯಂತ್ರದ ಮೈಕಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಂಡಕ್ಕಿ ಭಟ್ಟಿ, ಅಡುಗೆಮನೆ, ಗಿರಣಿಗಳಿಗೆ ಬೆರಳಿನ ಯಂತ್ರ ಬೇಡ. ಬಿಸಿ, ಬೂದಿ, ಎಣ್ಣೆ, ನೀರಿನಲ್ಲಿ ದಿನವಿಡೀ ಇರುವ ಕೈಯ ಬೆರಳಗೆರೆ ಸವೆದಿರುತ್ತದೆ. ಐದು ಸಲ ಒತ್ತಿದರೂ ಯಂತ್ರ ಒಪ್ಪುವುದಿಲ್ಲ, ಹಿಂದೆ ಸಾಲು ಬೆಳೆಯುತ್ತದೆ, ಹತ್ತು ನಿಮಿಷ ತಡವೆಂದು ಬೀಳುತ್ತದೆ. ಅಂಥಲ್ಲಿ ಮುಖದ ಯಂತ್ರ, ಜೊತೆಗೆ ಕಾರ್ಡು ಇರಲಿ. ಬೆರಳಿನದ್ದೇ ಇದ್ದರೆ ಎರಡೂ ಕೈಯ ಒಂದೊಂದು ಬೆರಳು ಸೇರಿಸಿಡಿ. ಮುಖದ ಯಂತ್ರವನ್ನು ಬಾಗಿಲಿಗೆ ಎದುರಾಗಿ ಹಾಕಬಾರದು. ಮುಖ ತೋರಿಸುವವನ ಬೆನ್ನ ಹಿಂದೆ ಬಿಸಿಲಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಅಕ್ಕಿ ಗಿರಣಿಯಲ್ಲಿ ಲೆನ್ಸಿನ ಮೇಲೆ ತೌಡಿನ ಧೂಳು ಕೂರುತ್ತದೆ, ದಿನಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಬೇಕು. ಒಳಗೆ ಬ್ಯಾಟರಿ ಇರುವ ಮಾದರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಸರಿ. ಬೆಸ್ಕಾಂ ಕರೆಂಟು ಹೋದ ಹೊತ್ತಿನಲ್ಲಿ ಬಂದವರ ಹಾಜರಿ ಆಮೇಲೆ ಕೈಯಲ್ಲಿ ಸೇರಿಸಬೇಕಾಗುತ್ತದೆ, ತಕರಾರು ಹುಟ್ಟುವುದು ಅಲ್ಲೇ.

ಈಗ ಮುಖ್ಯ ವಿಷಯ, ಊಟದ ಬಿಡುವು.

ಅಂಗಡಿ, ಹೋಟೆಲು, ಕಚೇರಿಗಳಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರಂತೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಅಷ್ಟರೊಳಗೆ ಕನಿಷ್ಠ 1 ಗಂಟೆ ಬಿಡುವು ಕೊಡಬೇಕು. ಓಟಿ ಸೇರಿಸಿದರೂ ದಿನಕ್ಕೆ 10 ಗಂಟೆ ದಾಟಬಾರದು, ಸ್ಟಾಕ್ ಎಣಿಸುವ, ಲೆಕ್ಕಪತ್ರ ಮುಗಿಸುವ ದಿನಗಳಿಗೆ ಮಾತ್ರ ವಿನಾಯಿತಿ. ಮೂರು ತಿಂಗಳಲ್ಲಿ ಒಟ್ಟು ಓಟಿ 50 ಗಂಟೆ ಮೀರಬಾರದು, ಅದಕ್ಕೆ ಎರಡು ಪಟ್ಟು ದರ. ಕಾರ್ಖಾನೆಗೆ ಲೆಕ್ಕ ಬೇರೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ 5 ಗಂಟೆಗೆ ಅರ್ಧ ಗಂಟೆ ಬಿಡುವು ಸಾಕಿತ್ತು. ಸಾಫ್ಟ್‌ವೇರ್ ಬರೆದವರ ತಲೆಯಲ್ಲಿರುವುದು ಈ ಕಾರ್ಖಾನೆ ಲೆಕ್ಕ. ಅದಕ್ಕೇ ಅಂಗಡಿಗೆ ಹಾಕಿಕೊಟ್ಟ ಯಂತ್ರದಲ್ಲೂ ಬಿಡುವಿನ ಜಾಗದಲ್ಲಿ 30 ನಿಮಿಷ ಎಂದು ಕೂತಿರುತ್ತದೆ.

ಅದಕ್ಕಿಂತ ಕೆಟ್ಟದ್ದು ಅದರ ಪಕ್ಕದ ಒಂದು ಟಿಕ್ ಗುರುತು: ಕೆಲಸದ ಗಂಟೆಯಿಂದ ಬಿಡುವನ್ನು ತಾನಾಗಿಯೇ ಕಳೆ. ಇದು ಹಾಕಿದ್ದರೆ ಕೆಲಸಗಾರ ಊಟಕ್ಕೆ ಎದ್ದನೋ ಇಲ್ಲವೋ, ಯಂತ್ರ ಕೇಳುವುದಿಲ್ಲ. ಬೆಳಿಗ್ಗೆಯ ಪಂಚು (ಬೆರಳಿಟ್ಟ ಇಲ್ಲವೇ ಮುಖ ತೋರಿಸಿದ ಹೊತ್ತಿನ ದಾಖಲೆ), ರಾತ್ರಿಯ ಪಂಚು ಎರಡನ್ನು ತೆಗೆದುಕೊಂಡು, ನಡುವಿನ ಹೊತ್ತಿನಿಂದ ಊಟಕ್ಕೆ ಒಂದಿಷ್ಟು, ಚಹಾಕ್ಕೆ ಒಂದಿಷ್ಟು ಕಳೆದು ಉಳಿದದ್ದನ್ನು ಕೆಲಸ ಎನ್ನುತ್ತದೆ. ಗಿರಾಕಿ ಬಂದರೆಂದು ಅರ್ಧ ತುತ್ತಿಗೆ ಎದ್ದು ಬಂದ ದಿನವೂ ಪೂರ್ತಿ ಬಿಡುವೇ. ದೀಪಾವಳಿ ಮುಂಚಿನ ವಾರ ಚೌಕಿಪೇಟೆಯಲ್ಲಿ ಯಾವ ಅಂಗಡಿಯ ಹುಡುಗನೂ ಒಂದು ಗಂಟೆ ಕೂತು ಉಣ್ಣುವುದಿಲ್ಲ ಎನ್ನುವುದು ಊರಿಗೇ ಗೊತ್ತು, ಯಂತ್ರಕ್ಕಷ್ಟೇ ಗೊತ್ತಿಲ್ಲ.

ಲೆಕ್ಕ ಹಾಕಿ ನೋಡಿ. ಅಂಗಡಿ ಬೆಳಿಗ್ಗೆ 9:30ಕ್ಕೆ ತೆರೆದು ರಾತ್ರಿ 8:30ಕ್ಕೆ ಮುಚ್ಚುತ್ತದೆ, 11 ಗಂಟೆ. ನಿಜವಾಗಿ ಸಿಗುವ ಬಿಡುವು 1 ಗಂಟೆ. ಕೆಲಸ 10 ಗಂಟೆ. ಸಾಫ್ಟ್‌ವೇರಿನಲ್ಲಿ ಊಟಕ್ಕೆ 1 ಗಂಟೆ, ಎರಡು ಚಹಾಕ್ಕೆ ಅರ್ಧರ್ಧ ಗಂಟೆ ಎಂದು ಹಾಕಿದ್ದರೆ ವರದಿಯಲ್ಲಿ ಬರುವುದು 9 ಗಂಟೆ, ಓಟಿ ಸೊನ್ನೆ. ಆ 9 ಗಂಟೆ ನೋಡಿ ಸಮಾಧಾನಪಡುವಂತೆಯೂ ಇಲ್ಲ. ವಾರಕ್ಕೆ ಆರು ದಿನಕ್ಕೆ ಅದೇ 54 ಗಂಟೆ ಆಗುತ್ತದೆ, ಮಿತಿ 48. ದಿನದ ಮಿತಿ ನೋಡಿ ವಾರದ ಮಿತಿ ಮರೆಯುವ ಈ ತಪ್ಪು ಬಹಳ ಕಡೆ ಇದೆ. ಆರು ದಿನದ ವಾರ ಎಂದರೆ ಸರಾಸರಿ 8 ಗಂಟೆಯೇ. ನಿಜವಾದ 10 ಗಂಟೆ ಹಿಡಿದರೆ ವಾರಕ್ಕೆ 60, ಅಂದರೆ 12 ಗಂಟೆ ಓಟಿ. ತಿಂಗಳಿಗೆ 20,800 ರೂಪಾಯಿ ಸಂಬಳವಿದ್ದು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 800, ಗಂಟೆಗೆ 100, ಓಟಿ ಗಂಟೆಗೆ 200. ವಾರಕ್ಕೆ 2,400 ರೂಪಾಯಿ ಆ ಟಿಕ್ ಗುರುತಿನ ಹಿಂದೆ ಅಡಗಿದೆ. ಕೊಡುತ್ತೇವೆ ಎಂದು ಮಾಲೀಕರು ಮುಂದೆ ಬಂದರೂ ಸಾಲದು. 13 ವಾರಕ್ಕೆ 156 ಗಂಟೆ ಓಟಿ ಆಯಿತು, ಕಾಯ್ದೆಯ 50ರ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು. ಈ ವೇಳಾಪಟ್ಟಿಯೇ ನಡೆಯುವುದಿಲ್ಲ, ಅದಕ್ಕೆ ಯಾವ ಯಂತ್ರವೂ ಪರಿಹಾರವಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಊಟಕ್ಕೆ ಬ್ಯಾಚು ಮಾಡಿ 1ಕ್ಕೆ ಒಬ್ಬರು, 2ಕ್ಕೆ ಒಬ್ಬರು, 3ಕ್ಕೆ ಒಬ್ಬರು ಎಂದು ಕಳಿಸುವುದು ರೂಢಿ. 1ರಿಂದ 2 ಉಂಡವರು ಆಮೇಲೆ 8:30ರ ತನಕ ಆರೂವರೆ ಗಂಟೆ ನಿಲ್ಲುತ್ತಾರೆ. 3ಕ್ಕೆ ಹೋದವರು ಅದಕ್ಕೆ ಮುಂಚೆಯೇ ಐದೂವರೆ ಗಂಟೆ ನಿಂತಿದ್ದಾರೆ. ಎರಡೂ 5 ಗಂಟೆ ದಾಟಿತು. 9:30ರಿಂದ 8:30ರ ದಿನಕ್ಕೆ ಒಂದೇ ಬಿಡುವಿನಲ್ಲಿ ಈ ನಿಯಮ ಹೊಂದಬೇಕಾದರೆ ಅದು 2:30ರಿಂದ 3:30 ಮಾತ್ರ, ಐದು ನಿಮಿಷ ಆಚೀಚೆ ಆದರೂ ಇಲ್ಲ. ನಡುವೆ ಹದಿನೈದು ನಿಮಿಷದ ಚಹಾ ಕೊಟ್ಟರೆ 5 ಗಂಟೆಯ ಎಣಿಕೆ ಮುರಿಯುವುದಿಲ್ಲ, ಮುರಿಯಲು 1 ಗಂಟೆಯೇ ಬೇಕು. ಸುಲಭದ ದಾರಿ ಎಂದರೆ ಅರ್ಧ ಜನರನ್ನು 9:30ರಿಂದ 6:30ಕ್ಕೆ, ಉಳಿದವರನ್ನು 11:30ರಿಂದ 8:30ಕ್ಕೆ ಹಾಕುವುದು. ಮೊದಲಿನವರ ಊಟ 1ರಿಂದ 2, ಎರಡನೆಯವರದ್ದು 3ರಿಂದ 4. ಎಲ್ಲರಿಗೂ 8 ಗಂಟೆ ಕೆಲಸ, ಯಾರೂ ಒಂದೇ ಉಸಿರಿಗೆ ನಾಲ್ಕೂವರೆ ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ, ವಾರಕ್ಕೆ 48. ಸಂಜೆ ಗಿರಾಕಿ ಹೆಚ್ಚಿರುವಾಗ ಕೈ ಕಡಿಮೆ ಬೀಳುತ್ತದೆ ಎನ್ನುವುದು ನಿಜ. ಆ 50 ಗಂಟೆ ಓಟಿಯನ್ನು ಹಬ್ಬ, ಮದುವೆ ಸೀಸನ್ನಿಗೆ ಉಳಿಸಿಕೊಳ್ಳುವುದು ಜಾಣತನ.

ಯಂತ್ರದಲ್ಲಿ ಇದಕ್ಕೆ ಬೇಕಾದ ಸೌಲಭ್ಯ ಇದ್ದೇ ಇದೆ, ಯಾರೂ ಬಳಸುವುದಿಲ್ಲ. ಚೆಕ್ ಇನ್, ಚೆಕ್ ಔಟ್ ಜೊತೆಗೆ ಬ್ರೇಕ್ ಔಟ್, ಬ್ರೇಕ್ ಇನ್ ಎಂಬ ಗುಂಡಿಗಳು ಬಹುಪಾಲು ಮಾದರಿಗಳಲ್ಲಿವೆ. ಮೆನುವಿನಲ್ಲಿ ಅವನ್ನು ತೆರೆಯಿರಿ, ಸಾಫ್ಟ್‌ವೇರಿನಲ್ಲಿ ತಾನಾಗಿ ಕಳೆಯುವ ಟಿಕ್ ತೆಗೆಯಿರಿ, ಪಂಚ್ ಆದ ಬಿಡುವನ್ನಷ್ಟೇ ಕಳೆಯುವಂತೆ ಮಾಡಿ. ದಿನಕ್ಕೆ ನಾಲ್ಕು ಪಂಚು ಆಗುತ್ತದೆ. ಮೊದಲ ಎರಡು ವಾರ ಮರೆಯುವವರೇ ಹೆಚ್ಚು. ಊಟ ಮುಗಿಸಿ ಬಂದವರು ಗುಂಡಿ ಒತ್ತದೆ ಮುಖ ತೋರಿಸಿದರೆ ಕೆಲವು ಸಾಫ್ಟ್‌ವೇರ್ ಅದನ್ನು ಮನೆಗೆ ಹೋದದ್ದೆಂದು ಹಿಡಿದು ಅರ್ಧ ದಿನ ಹಾಕಿಬಿಡುತ್ತದೆ. ಅದಕ್ಕೆ ಗುಂಡಿಗಳನ್ನು ಹೊತ್ತಿಗೆ ತಕ್ಕಂತೆ ತಾನೇ ಬದಲಾಗುವಂತೆ ಇಡಬಹುದು: 12:30ರಿಂದ 4:30ರ ತನಕ ಬಂದ ಪಂಚೆಲ್ಲ ಬಿಡುವಿನದ್ದು ಎಂದು. ಮಿಸ್ ಪಂಚ್ ವರದಿಯನ್ನು ತಿಂಗಳ ಕೊನೆಗೆ ನೋಡಬೇಡಿ, ಪ್ರತಿದಿನ ಸಂಜೆ ನೋಡಿ. ಮೂವತ್ತು ದಿನದ ಹಿಂದೆ ಎಷ್ಟು ಹೊತ್ತಿಗೆ ಉಂಡಿರಿ ಎಂದು ಕೇಳಿದರೆ ಯಾರೂ ಹೇಳಲಾರರು.

ಓಟಿಯ ಜಾಗದಲ್ಲೂ ಇಂಥದ್ದೇ ಒಂದು ಸಣ್ಣ ಗುಂಡಿ ಇದೆ. 30 ನಿಮಿಷಕ್ಕಿಂತ ಕಡಿಮೆ ಓಟಿ ಲೆಕ್ಕಕ್ಕಿಲ್ಲ ಎಂಬ ಸೆಟ್ಟಿಂಗ್. ಮುಚ್ಚುವ ಹೊತ್ತಿಗೆ ಬಟ್ಟೆ ಮಡಚಿ, ಕಸ ಹೊಡೆದು, ಶಟರ್ ಎಳೆಯುವುದಕ್ಕೆ ದಿನಾ 25 ನಿಮಿಷ ನಿಂತರೆ 26 ದಿನಕ್ಕೆ 650 ನಿಮಿಷ, 10 ಗಂಟೆ 50 ನಿಮಿಷ. ಮೇಲಿನ ದರದಲ್ಲಿ 2,166 ರೂಪಾಯಿ ಚಿಲ್ಲರೆ. ತಡವಾಗಿ ಬಂದವನಿಗೆ ಮಾತ್ರ ಹತ್ತು ನಿಮಿಷ ಆದಮೇಲೆ ಕಾಸು ಕಳೆಯಲು ಅದೇ ಸಾಫ್ಟ್‌ವೇರ್ ಮರೆಯುವುದಿಲ್ಲ. ಎರಡೂ ಕಡೆ ಒಂದೇ ಅಳತೆ ಇಡಿ, ಇಲ್ಲವೇ ಎರಡನ್ನೂ ನಿಮಿಷದ ಲೆಕ್ಕಕ್ಕೆ ತನ್ನಿ.

ಹೋಟೆಲಿಗೆ ಬಂದರೆ ಯಂತ್ರ ಇನ್ನೂ ಸೋಲುತ್ತದೆ. ಬೆಣ್ಣೆ ದೋಸೆ ಹೋಟೆಲಿನ ದಿನ ಎರಡು ತುಂಡು: ಬೆಳಿಗ್ಗೆ 6ರಿಂದ 11, ಸಂಜೆ 4ರಿಂದ 9. ಕಾವಲಿ ಮುಂದೆ ನಿಂತವರಿಗೆ 5 ಮತ್ತು 5, ಒಟ್ಟು 10 ಗಂಟೆ, ನಡುವೆ 5 ಗಂಟೆ ಬಿಡುವು. ನೋಡಲು ಧಾರಾಳವಾಗಿದೆ. ಆದರೆ ಕೆಲಸ, ಬಿಡುವು ಎರಡೂ ಸೇರಿ ದಿನದ ಹರವು 12 ಗಂಟೆ ಮೀರಬಾರದು ಎನ್ನುತ್ತದೆ ಅದೇ ಕಾಯ್ದೆ. ಇಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 9, 15 ಗಂಟೆ ಹರವು. ಹರಿಹರದಿಂದಲೋ ಸುತ್ತಲ ಹಳ್ಳಿಯಿಂದಲೋ ಬರುವವರು ಆ ಐದು ಗಂಟೆಗೆ ಮನೆಗೆ ಹೋಗಿ ಬರುವುದು ಕಷ್ಟ, ಹೋಟೆಲಿನ ಹಿಂದೆ ಚೀಲದ ಮೇಲೆ ಮಲಗಿ ಕಳೆಯುವ ಹೊತ್ತು ಅದು. ಇಂಥ ತುಂಡು ಪಾಳಿಗೆಂದೇ ಸಾಫ್ಟ್‌ವೇರಿನಲ್ಲಿ ಜಾಗವಿರುವುದಿಲ್ಲ. ಒಂದು ಶುರು, ಒಂದು ಕೊನೆ, ನಡುವೆ ಎರಡು ಬಿಡುವು ಅಷ್ಟೇ. 11ರಿಂದ 4 ಬಿಡುವು ಎಂದು ತುಂಬಿದರೆ 10 ಗಂಟೆ ಎಂದು ಸರಿಯಾಗಿಯೇ ತೋರಿಸುತ್ತದೆ, ಹರವಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅದನ್ನು ಹಿಡಿಯಲು ಮೊದಲ ಪಂಚು, ಕೊನೆಯ ಪಂಚು ಮಾತ್ರ ಇರುವ ವರದಿಯನ್ನು ಬೇರೆ ತೆಗೆಯಿರಿ. ಕೆಲಸದ ಗಂಟೆ ಎಣಿಸಲು ತಪ್ಪಾದ ಆ ವರದಿ ಹರವು ಎಣಿಸಲು ಮಾತ್ರ ಸರಿ.

ಪರಿಹಾರ ಪಾಳಿಯಲ್ಲಿದೆ. ದೋಸೆ ಹುಯ್ಯದ ಹೊತ್ತಿನಲ್ಲೂ ಹೋಟೆಲಿನಲ್ಲಿ ಕೆಲಸವಿದೆ. ಅಕ್ಕಿ, ಉದ್ದು, ಮಂಡಕ್ಕಿ ನೆನೆಸಿ ಹಿಟ್ಟು ರುಬ್ಬಬೇಕು, ಆಲೂಗಡ್ಡೆ ಬೇಯಿಸಬೇಕು, ಚಟ್ನಿಗೆ ಕಾಯಿ ತುರಿಯಬೇಕು. ಬೆಳಗಿನ ತಂಡಕ್ಕೆ 6ರಿಂದ 11 ಕಾವಲಿ, ಒಂದು ಗಂಟೆ ಊಟ, 12ರಿಂದ 3 ರುಬ್ಬುವುದು, ಹೆಚ್ಚುವುದು. ಸಂಜೆಯ ತಂಡಕ್ಕೆ 12ರಿಂದ 4 ತಯಾರಿ, ಒಂದು ಗಂಟೆ ಬಿಡುವು, 5ರಿಂದ 9 ಕಾವಲಿ. ಇಬ್ಬರಿಗೂ 8 ಗಂಟೆ ಕೆಲಸ, 9 ಗಂಟೆ ಹರವು. 4ರಿಂದ 5ರ ಆ ಒಂದು ಗಂಟೆ ಕಾವಲಿ ಹೊತ್ತಿಸಬೇಕೆಂದರೆ ಸಂಜೆ ತಂಡದಲ್ಲಿ ಇಬ್ಬರ ಬಿಡುವನ್ನು 3ಕ್ಕೆ ತಂದರೆ ಸಾಕು. ಅವರು ಆಮೇಲೆ 4ರಿಂದ 9, ಸರಿಯಾಗಿ 5 ಗಂಟೆ.

ಗಿರಣಿ, ಕಾರ್ಖಾನೆಗಳ ರಾತ್ರಿ ಪಾಳಿಗೆ ಈ ಯಂತ್ರ ಹಾಕುವವರು ಒಂದು ಪರೀಕ್ಷೆ ಮಾಡದೆ ದುಡ್ಡು ಕೊಡಬಾರದು. ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋಗುವ ಒಬ್ಬರ ಪಂಚು ಎರಡು ದಿನ ಹಾಕಿಸಿ ವರದಿ ನೋಡಿ. ಪಾಳಿ ಮಾರನೇ ದಿನಕ್ಕೆ ದಾಟುತ್ತದೆ ಎಂದು ಗುರುತು ಮಾಡದಿದ್ದರೆ 10ರ ಪಂಚಿಗೆ ಔಟ್ ಇಲ್ಲ ಎಂದು ಗೈರುಹಾಜರಿ, ಬೆಳಗಿನ 6ರ ಔಟನ್ನು ಹೊಸ ದಿನದ ಇನ್ ಎಂದು ತಿಳಿದು ರಾತ್ರಿ 10ರ ತನಕ 16 ಗಂಟೆ ಕೆಲಸ, ಇಂಥ ವಿಚಿತ್ರ ಬರುತ್ತದೆ. ಪಾಳಿ ಮುಗಿದ ಮೇಲೂ ನಾಲ್ಕೈದು ಗಂಟೆ ತನಕ ಬಂದ ಪಂಚನ್ನು ಹಿಂದಿನ ದಿನಕ್ಕೇ ಸೇರಿಸುವಂತೆ ಇಡಬೇಕು, ಇಲ್ಲದಿದ್ದರೆ ಬದಲಿ ಬಾರದೆ ನಿಂತವರ ಓಟಿ ಕಳೆದುಹೋಗುತ್ತದೆ. ಮೊದಲ ಪಂಚು ನೋಡಿ ಪಾಳಿ ತಾನೇ ಆರಿಸುವ ಆಟೋ ಶಿಫ್ಟ್ ಕೂಡ ಬದಲಿ ಬಾರದ ದಿನವೇ ಎಡವುತ್ತದೆ. 6ರಿಂದ ರಾತ್ರಿ 10ರ ತನಕ ಎರಡು ಪಾಳಿ ಸೇರಿಸಿ ನಿಂತವರಿಗೆ ಕೆಲವು ಸಾಫ್ಟ್‌ವೇರ್ ಒಂದೇ ಪಾಳಿ ಕೊಟ್ಟು ಸುಮ್ಮನಾಗುತ್ತದೆ.

ವಾರದ ರಜೆಯಲ್ಲಿ ಇನ್ನೂ ದೊಡ್ಡ ತೂತು. ರಾತ್ರಿ ಪಾಳಿಯವರಿಗೆ ರಜೆ ಎಂದರೆ ಕ್ಯಾಲೆಂಡರಿನ ಭಾನುವಾರವಲ್ಲ, ಪಾಳಿ ಮುಗಿದ ಹೊತ್ತಿನಿಂದ ಸತತ 24 ಗಂಟೆ. 1948ರ ಕಾಯ್ದೆಯ 57ನೇ ಸೆಕ್ಷನ್ನಿನಲ್ಲೂ ಹೀಗೇ ಇತ್ತು, ಹೊಸ ಸಂಹಿತೆಯಲ್ಲೂ ಹೀಗೇ ಇದೆ. ಶನಿವಾರ ರಾತ್ರಿ 10ಕ್ಕೆ ಬಂದವರು ಭಾನುವಾರ ಬೆಳಿಗ್ಗೆ 6ಕ್ಕೆ ಹೋದರೆ ಅವರ ರಜೆ ಸೋಮವಾರ ಬೆಳಿಗ್ಗೆ 6ರ ತನಕ. ಭಾನುವಾರ ರಾತ್ರಿ 10ಕ್ಕೇ ಮತ್ತೆ ಕರೆದರೆ ಸಿಕ್ಕದ್ದು 16 ಗಂಟೆ, ರಜೆ ಕೊಟ್ಟಂತಾಗಲಿಲ್ಲ. ಸಾಫ್ಟ್‌ವೇರಿಗೆ ಗೊತ್ತಿರುವುದು ಭಾನುವಾರ ಎಂಬ ಚೌಕ ಮಾತ್ರ. ಆ ಚೌಕದಲ್ಲಿ ರಜೆ ಎಂದು ಅಚ್ಚಾಗಿ ಬಂದರೆ ಎಲ್ಲರೂ ನಂಬುತ್ತಾರೆ. ರಾತ್ರಿ ಪಾಳಿಯ ಗುಂಪಿಗೆ ಬೇರೆಯೇ ರಜಾ ಪಟ್ಟಿ ಮಾಡಿ ಭಾನುವಾರ ರಾತ್ರಿ ಶುರುವಾಗುವ ಪಾಳಿಯನ್ನು ಖಾಲಿ ಬಿಡುವುದೊಂದೇ ಉಪಾಯ.

ಹೊಸ ಸಂಹಿತೆ ಎಂದೆವು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕಾರ್ಖಾನೆಗಳ ಕೆಲಸದ ಹೊತ್ತು ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯ ಕೆಳಗೆ ಬರುತ್ತದೆ. ದಿನಕ್ಕೆ 8 ಗಂಟೆ, ಓಟಿಗೆ ಕೆಲಸಗಾರರ ಒಪ್ಪಿಗೆ ಮತ್ತು ಎರಡು ಪಟ್ಟು ದರ. ಬಿಡುವು, ಹರವುಗಳ ಅಳತೆಯನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಅಂಗಡಿ, ಹೋಟೆಲುಗಳ ರಾಜ್ಯ ಕಾಯ್ದೆಯನ್ನು ಅದು ರದ್ದು ಮಾಡಿಲ್ಲ. ಯಂತ್ರ ಕೊಳ್ಳುವವರಿಗೆ ಇದರ ಅರ್ಥ ಏನೆಂದರೆ, ಪಾಳಿಯ ಅಳತೆ ಬದಲಿಸುವಾಗ ಸಾಫ್ಟ್‌ವೇರ್ ಯಾವ ತಾರೀಖಿನಿಂದ ಎಂದು ಕೇಳಬೇಕು. ಅಗ್ಗದವು ಕೇಳುವುದಿಲ್ಲ. ಇವತ್ತು 9 ಗಂಟೆಯನ್ನು 8 ಮಾಡಿದರೆ ಹೋದ ವರ್ಷದ ವರದಿಯನ್ನೂ 8ರ ಲೆಕ್ಕದಲ್ಲೇ ತೆಗೆದುಕೊಡುತ್ತವೆ, ಕೊಟ್ಟ ಸಂಬಳಕ್ಕೂ ಕಾಗದಕ್ಕೂ ತಾಳೆ ತಪ್ಪುತ್ತದೆ. ಅಂಥದ್ದೇ ಕೈಲಿದ್ದರೆ ಹಳೆ ಪಾಳಿ ತಿದ್ದಬೇಡಿ, ಹೊಸ ಹೆಸರಿನ ಪಾಳಿ ಮಾಡಿ ಜನರನ್ನು ಅದಕ್ಕೆ ದಾಟಿಸಿ.

ಗಡಿಯಾರದ ವಿಷಯ ಚಿಕ್ಕದು, ಜಗಳ ದೊಡ್ಡದು. ಯಂತ್ರದ ಗಡಿಯಾರ ತಿಂಗಳಲ್ಲಿ ಕೆಲವು ನಿಮಿಷ ಓಡುವುದೋ ಹಿಂದೆ ಬೀಳುವುದೋ ಉಂಟು. ಇಂಟರ್ನೆಟ್ ಇರುವ ಕಂಪ್ಯೂಟರಿನಿಂದ ವಾರಕ್ಕೊಮ್ಮೆ ಹೊಂದಿಸಿ. ಗೋಡೆ ಗಡಿಯಾರವನ್ನೂ ಯಂತ್ರಕ್ಕೆ ಸರಿಯಾಗಿ ಇಡಿ, ಕೆಲಸಗಾರರು ನೋಡುವುದು ಅದನ್ನೇ.

ಕೈಯಲ್ಲಿ ತಿದ್ದುವ ಅವಕಾಶ ಎಲ್ಲ ಸಾಫ್ಟ್‌ವೇರಿನಲ್ಲೂ ಇದೆ, ಇರಲೇಬೇಕು. ಆದರೆ ಯಾರು, ಯಾವತ್ತು, ಏನು ತಿದ್ದಿದರು ಎಂಬ ಗುರುತು ಉಳಿಯುವಂಥದ್ದನ್ನೇ ಆರಿಸಿ. ಅದಿಲ್ಲದ್ದಕ್ಕೆ ಅರ್ಧ ಬೆಲೆಯೂ ಹೆಚ್ಚು. ಯಂತ್ರದೊಳಗಿನ ಮೂಲ ದಾಖಲೆ ಸಾಫ್ಟ್‌ವೇರಿನ ತಿದ್ದುಪಡಿಗೆ ಸಿಗುವುದಿಲ್ಲ. ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಅದರ ಪ್ರತಿ ತೆಗೆದಿಟ್ಟರೆ ತಕರಾರು ಬಂದಾಗ ಇಬ್ಬರಿಗೂ ಆಧಾರ. ಕೆಲಸ ಬಿಟ್ಟವರ ಮುಖ, ಬೆರಳನ್ನು ಮಾತ್ರ ಯಂತ್ರದಿಂದ ಅಳಿಸಿ, ಹಾಜರಿ ದಾಖಲೆ ಅಳಿಸಬೇಡಿ. ಅಳಿಸುವಾಗ ಎರಡನ್ನೂ ಒಟ್ಟಿಗೆ ಒರೆಸುವ ಆಯ್ಕೆ ಪಕ್ಕಪಕ್ಕದಲ್ಲೇ ಇರುತ್ತದೆ.

ಮೊಬೈಲ್ ಆಪ್, ಜಿಪಿಎಸ್ ಹಾಜರಿ, ಕ್ಲೌಡ್ ಚಂದಾ ಎಂದೆಲ್ಲ ಸೇರಿಸಿ ಮಾರುತ್ತಾರೆ. ಹತ್ತು-ಇಪ್ಪತ್ತು ಜನರ ಅಂಗಡಿಗೆ ಅದು ಬೇಕಿಲ್ಲ. ಬದಲಿಗೆ ಹಾಜರಿ ಮತ್ತು ಸಂಬಳ ಒಂದೇ ಹಾಳೆಯಲ್ಲಿ ಬರುವ ನಮೂನೆ ಟಿ ರಿಜಿಸ್ಟರನ್ನು ಸಾಫ್ಟ್‌ವೇರ್ ತೆಗೆದುಕೊಡುತ್ತದೆಯೇ ಎಂದು ಕೇಳಿ. ಕೊಡುತ್ತದೆ ಎಂದರೆ ಅಲ್ಲೇ ಒಂದು ಹಾಳೆ ತೆಗೆಸಿ ನೋಡಿ, ಓಟಿ ಗಂಟೆಯ ಕಾಲಮ್ಮು ಖಾಲಿ ಬರುವುದು ಸಾಮಾನ್ಯ. ವಾರಂಟಿ ಯಾರದ್ದು, ಕಂಪನಿಯದ್ದೋ ಹಾಕಿಕೊಟ್ಟವರದ್ದೋ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸಾಫ್ಟ್‌ವೇರಿನ ಅಡ್ಮಿನ್ ಪಾಸ್‌ವರ್ಡ್ ಕೇಳಿ ಪಡೆದು ಬದಲಿಸಿ. ಅದನ್ನು ತಮ್ಮಲ್ಲೇ ಇಟ್ಟುಕೊಂಡು ಒಂದು ಪಾಳಿ ಸೇರಿಸಲೂ ಸರ್ವಿಸ್ ಚಾರ್ಜ್ ಕೇಳುವವರಿದ್ದಾರೆ.